ಹಾಗಿಯ ಚಹಾ ಬಟ್ಟಲು ಸೋರುತ್ತಿದೆ, ಬೂಷ್ಟು ಹಿಡಿದಿದೆ: ಮೋಸ ಹೋದೆನೇ?

ಪ್ರಶ್ನೆ: ಜಪಾನಿನಲ್ಲಿ ಕೆಲಸಕ್ಕಿದ್ದಾಗ ಹಾಗಿ ಊರಿನಿಂದ ಒಂದು ಮಾಚಾ (ಹಸಿರು ಚಹಾ ಪುಡಿ) ಬಟ್ಟಲು ತಂದಿದ್ದೆ. ನಸುಗೆಂಪು ಬಣ್ಣ, ಮರದ ಪೆಟ್ಟಿಗೆ, ಮುಚ್ಚಳದ ಮೇಲೆ ಮಾಡಿದವರ ಕೈಬರಹ ಎಲ್ಲ ಇದೆ, ಅಗ್ಗದ್ದೇನಲ್ಲ. ಈಗ ಮಂಗಳೂರಿನಲ್ಲಿದ್ದೇವೆ. ಚಹಾ ಹಾಕಿಟ್ಟರೆ ಬುಡದಿಂದ ನೀರು ಜಿನುಗಿ ಮೇಜಿನ ಮೇಲೆ ಉಂಗುರ ಬೀಳುತ್ತದೆ. ಒಳಗೆಲ್ಲ ಕಂದು ಗೆರೆಗಳ ಬಲೆ ಮೂಡಿದೆ. ಬುಡದ ಉಂಗುರದಲ್ಲಿ ಒಂದು ಕಡೆ ಕಚ್ಚು ಬಿದ್ದಿದೆ, ಕೊಳ್ಳುವಾಗ ಗಮನಿಸಿರಲಿಲ್ಲ. ಮನೆಗೆ ಬಂದವರಿಗೆ ಎರಡು ಸಲ ಇದರಲ್ಲೇ ಹಾಲಿನ ಕಾಫಿ ಕೊಟ್ಟದ್ದುಂಟು. ಸೋರುವುದು ನಿಲ್ಲಲಿ ಎಂದು ಒಂದು ವಿಡಿಯೋ ನೋಡಿ ಅಕ್ಕಿ ತೊಳೆದ ನೀರಿನಲ್ಲಿ ಕುದಿಸಿ ಪೆಟ್ಟಿಗೆಯೊಳಗೆ ಇಟ್ಟೆ. ಮಳೆಗಾಲದಲ್ಲಿ ತೆಗೆದರೆ ಬುಡದ ಸುತ್ತ ಕಪ್ಪು ಚುಕ್ಕೆ, ಮುಗ್ಗಲು ವಾಸನೆ. ಗಾಬರಿಯಲ್ಲಿ ತೊಳೆಯುವಾಗ ನಲ್ಲಿಗೆ ತಾಗಿ ಅಂಚಿನಿಂದ ಭತ್ತದ ಕಾಳಿನಷ್ಟು ಚೂರು ಹಾರಿತು. ಅಲ್ಲಿಂದ ಕೆಳಕ್ಕೆ ಸಣ್ಣ ಗೆರೆಯೂ ಕಾಣುತ್ತಿದೆ. ತಂಗಿ ಆನ್‌ಲೈನಿನಲ್ಲಿ ಚಿನ್ನದ ಬಣ್ಣದ ಕಿನ್‌ತ್ಸುಗಿ (ಒಡೆದ ಪಾತ್ರೆಯನ್ನು ಚಿನ್ನದ ಗೆರೆ ಕಾಣುವಂತೆ ರಿಪೇರಿ ಮಾಡುವ ಜಪಾನಿ ಪದ್ಧತಿ) ಕಿಟ್ ತರಿಸಿಕೊಟ್ಟಿದ್ದಾಳೆ. ನನಗೆ ಕಳಪೆ ಮಾಲು ಕೊಟ್ಟರೇ? ಇದರಲ್ಲಿ ಇನ್ನು ಚಹಾ ಕುಡಿಯಬಹುದೇ?

ಉತ್ತರ: ಕಳಪೆ ಮಾಲಲ್ಲ. ಸೋರುವುದು, ಒಳಗಿನ ಬಲೆ, ಬುಡದ ಕಚ್ಚು, ಈ ಮೂರೂ ಹಾಗಿ ಬಟ್ಟಲಿನ ಹುಟ್ಟುಗುಣ. ಬೂಷ್ಟು ಮತ್ತು ವಾಸನೆ ಮನೆಗೆ ಬಂದ ಮೇಲೆ ಸೇರಿಕೊಂಡವು, ಅವನ್ನು ತೆಗೆಯಬಹುದು. ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದದ್ದು ಅಂಚಿನಿಂದ ಇಳಿದ ಆ ಗೆರೆಯ ಬಗ್ಗೆ ಮಾತ್ರ. ಅದೇನೆಂದು ಗೊತ್ತಾಗುವವರೆಗೆ ಬಟ್ಟಲನ್ನು ಮತ್ತೆ ಕುದಿಸಬೇಡಿ, ಬಿಸಿ ಚಹಾ ಸುರಿಯಬೇಡಿ, ಕಿಟ್ಟಿನ ಟ್ಯೂಬು ಬಿಚ್ಚಬೇಡಿ. ಮೊದಲು ಪರೀಕ್ಷೆ, ಆಮೇಲೆ ಶುಚಿ, ಆಮೇಲೆ ಒಣಗಿಸುವುದು, ಕೊನೆಗೆ ರಿಪೇರಿ. ಈ ಕ್ರಮ ತಪ್ಪಿದರೆ ಬೂಷ್ಟನ್ನು ಒಳಗೇ ಇಟ್ಟು ಮೇಲೆ ಚಿನ್ನ ಬಳಿದಂತಾಗುತ್ತದೆ.

ಯಾಕೆ ಸೋರುತ್ತದೆ

ಪಿಂಗಾಣಿಯನ್ನು ಸುಮಾರು 1300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಆ ಶಾಖಕ್ಕೆ ಮಣ್ಣಿನೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ಕರಗಿ, ಗಾಜಿನಂತಾಗಿ, ಕಣಗಳ ನಡುವಿನ ಸಂದುಗಳನ್ನೆಲ್ಲ ತುಂಬಿಬಿಡುತ್ತದೆ. ಹಾಗಿಯ ಮಣ್ಣಿನಲ್ಲಿ ಇದು ಬಹಳ ಕಡಿಮೆ. ಅಲ್ಲಿ ಬಳಸುವುದು ಮುಖ್ಯವಾಗಿ ದಾಯ್‌ದೋ ಎಂಬ ಮರಳು ಮಿಶ್ರಿತ ಬಿಳಿಬೂದು ಮಣ್ಣು. ಅದಕ್ಕೆ ಶಾಖ ತಡೆಯುವ ಮಿತಾಕೆ ಮಣ್ಣು, ಬಣ್ಣಕ್ಕೆ ಬೇಕಾದಷ್ಟು ಮಿಶಿಮಾ ನಡುಗಡ್ಡೆಯ ಕಬ್ಬಿಣಭರಿತ ಕೆಂಗಪ್ಪು ಮಣ್ಣು ಸೇರಿಸಿಕೊಳ್ಳುತ್ತಾರೆ. 1200 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟು ಆವಿಗೆಯಿಂದ ತೆಗೆದಾಗಲೂ ಈ ಮಿಶ್ರಣ ಪೂರ್ತಿ ಬಿಗಿದುಕೊಂಡಿರುವುದಿಲ್ಲ. ಕಣಗಳ ನಡುವೆ ನೀರು ಓಡಾಡುವಷ್ಟು ಸಂದು ಉಳಿದಿರುತ್ತದೆ. ಬುಡದ ಉಂಗುರಕ್ಕೆ ಗ್ಲೇಜು, ಅಂದರೆ ಮೈಮೇಲಿನ ಗಾಜಿನಂಥ ಲೇಪ, ಇಲ್ಲ. ಗ್ಲೇಜಿನ ಸೀಳುಗಳಿಂದ ಮೈಯೊಳಗೆ ಇಳಿದ ನೀರು ಅಲ್ಲಿಂದ ಹೊರಬರುತ್ತದೆ. ಮಣ್ಣಿನ ಹೂಜಿ ಬೆವರುವುದೂ ಇದೇ ಕಾರಣಕ್ಕೆ.

ಹಾಗಿದ್ದರೆ ಚಹಾದವರು ಇಂಥ ಮಣ್ಣನ್ನು ಯಾಕೆ ಹಚ್ಚಿಕೊಂಡರು? ಸಂದುಗಳಲ್ಲಿ ಗಾಳಿ ಇರುವುದರಿಂದ ಶಾಖ ನಿಧಾನವಾಗಿ ಹೊರಗೆ ಬರುತ್ತದೆ. ಹಿಡಿಯಿಲ್ಲದ ಬಟ್ಟಲು, ಎರಡೂ ಅಂಗೈಗಳ ನಡುವೆ ಹಿಡಿಯುವಂಥದ್ದು. ಒಳಗೆ 70-80 ಡಿಗ್ರಿಯ ಚಹಾ ಇದ್ದರೂ ಕೈ ಸುಡುವುದಿಲ್ಲ, ಚಹಾ ಬೇಗ ಆರುವುದೂ ಇಲ್ಲ. ಬಿದಿರಿನ ಕಡೆಗೋಲು ತಳಕ್ಕೆ ತಾಗಿದಾಗ ಪಿಂಗಾಣಿಯ ಹಾಗೆ ಕಿಣಿಕಿಣಿ ಎನ್ನುವುದಿಲ್ಲ. ‘ಒಂದು ರಾಕು, ಎರಡು ಹಾಗಿ, ಮೂರು ಕರಾತ್ಸು’ ಎಂದು ಚಹಾ ವಲಯದಲ್ಲಿ ಹಳೆಯ ಮಾತೊಂದಿದೆ. ಮೂರೂ ಜಪಾನಿನ ಕುಂಬಾರಿಕೆಯ ಬಗೆಗಳು, ಮೂರೂ ಕೈಗೆ ಮೆತ್ತಗೆ ಅನ್ನಿಸುವ ಮಣ್ಣುಗಳೇ. ಸೋರದ ಬಟ್ಟಲೇ ಬೇಕಿದ್ದರೆ ಅವರ ಕೈಯಳತೆಯಲ್ಲೇ ಪಿಂಗಾಣಿ ಇತ್ತು.

ಹೊಸತರಲ್ಲಿ ಜಾಸ್ತಿ ಜಿನುಗಿ, ಚಹಾದ ಸಣ್ಣ ಪುಡಿ ಮತ್ತು ಟ್ಯಾನಿನ್ ಸಂದುಗಳಲ್ಲಿ ಕೂತ ಹಾಗೆ ಜಿನುಗು ಕಡಿಮೆಯಾಗುತ್ತದೆ. ಕೆಲವು ಬಟ್ಟಲುಗಳಲ್ಲಿ ಪೂರ್ತಿ ನಿಲ್ಲುವುದೇ ಇಲ್ಲ. ಚಹಾ ಕುಡಿದು ಮುಗಿಸುವ ಐದು ಹತ್ತು ನಿಮಿಷದಲ್ಲಿ ಬುಡ ತೇವವಾದರೆ ಚಿಂತೆ ಬೇಡ. ಆ ಹೊತ್ತಿನಲ್ಲೇ ಮೇಜಿನ ಮೇಲೆ ನೀರು ಹರಿದರೆ ಅದು ಬೇರೆ ಕತೆ.

ಬಲೆ ಮತ್ತು ಕಚ್ಚು

ಒಳಗಿನ ಬಲೆಗೆ ಜಪಾನಿನಲ್ಲಿ ಕನ್ನ್ಯೂ ಎನ್ನುತ್ತಾರೆ. ಆವಿಗೆ ಆರುವಾಗ ಗ್ಲೇಜು ಮಣ್ಣಿಗಿಂತ ಜಾಸ್ತಿ ಕುಗ್ಗಲು ನೋಡುತ್ತದೆ. ಕೆಳಗಿನ ಮಣ್ಣು ಅಷ್ಟು ಕುಗ್ಗುವುದಿಲ್ಲ. ಎಳೆತ ತಡೆಯದೆ ಗ್ಲೇಜು ನೂರಾರು ಕಡೆ ಸೀಳುತ್ತದೆ. ಆವಿಗೆಯಿಂದ ಹೊರತೆಗೆದ ಮೇಲೂ ಕೆಲವು ದಿನ ಟಿಣ್ ಟಿಣ್ ಎಂದು ಸೀಳುತ್ತಲೇ ಇರುತ್ತದೆ. ಇನ್ನೊಂದು ಬಗೆ ನಿಧಾನದ್ದು: ಮಣ್ಣು ವರ್ಷಗಟ್ಟಲೆ ತೇವ ಹೀರಿ ಕೂದಲೆಳೆಯಷ್ಟು ಉಬ್ಬುತ್ತದೆ, ಮೇಲಿನ ಗ್ಲೇಜಿಗೆ ಉಬ್ಬಲಾಗದೆ ಹೊಸ ಗೆರೆಗಳು ಬೀಳುತ್ತವೆ. ಹೀಗಾಗಿ ಕೊಂಡಾಗ ಇಲ್ಲದ ಗೆರೆ ಈಗ ಇದೆ ಎಂದರೆ ಒಡೆದಿದೆ ಎಂದೇ ಅರ್ಥವಲ್ಲ. ಈ ಸೀಳುಗಳಲ್ಲಿ ಚಹಾ ಇಳಿದು ಬಣ್ಣ ತಿರುಗುವುದನ್ನೇ ಹಾಗಿಯ ‘ಏಳು ರೂಪಾಂತರ’ ಎಂದು ಕರೆಯುವುದು. ಅಂಗಡಿಯವರು ಇದನ್ನು ಹೇಳಿಯೇ ಮಾರುತ್ತಾರೆ.

ಆದರೆ ಇದರ ಬೆನ್ನಿಗೇ ಒಂದು ತಪ್ಪು ತಿಳಿವಳಿಕೆಯೂ ಬೆಳೆದಿದೆ: ಬಣ್ಣ ತಿರುಗಬೇಕಾದರೆ ಬಟ್ಟಲನ್ನು ತೊಳೆಯಬಾರದು, ಚಹಾ ಅದರಲ್ಲೇ ಒಣಗಲು ಬಿಡಬೇಕು ಎಂದು. ಹಾಗೆ ಮಾಡಿದರೆ ಸಿಗುವುದು ಕೊಳೆ. ಚಹಾದ ಕಲೆ ತೆಳು ಹೊಂಬಣ್ಣದಿಂದ ಕಂದಿಗೆ ಸಮವಾಗಿ ಹೋಗುತ್ತದೆ. ಬೂಷ್ಟಿನ ಕಲೆ ಬೂದುಗಪ್ಪು, ಚುಕ್ಕೆಚುಕ್ಕೆಯಾಗಿ, ಹೆಚ್ಚಾಗಿ ಗ್ಲೇಜಿಲ್ಲದ ಬುಡದ ಹತ್ತಿರ. ನೀವು ಬರೆದ ಕಂದು ಬಲೆ, ಕಪ್ಪು ಚುಕ್ಕೆ ಎರಡೂ ಇದಕ್ಕೆ ತಕ್ಕ ಹಾಗೇ ಇವೆ.

ಬುಡದ ಕಚ್ಚನ್ನು ಮಣ್ಣು ಹಸಿಯಾಗಿರುವಾಗಲೇ ಕತ್ತರಿಸಿರುತ್ತಾರೆ. ಭೂತಗನ್ನಡಿಯಲ್ಲಿ ನೋಡಿ: ಚಾಕು ಅಥವಾ ತಂತಿ ಎಳೆದ ನಯವಾದ ಮೈ ಕಾಣುತ್ತದೆ, ಅಂಚುಗಳು ಸುಟ್ಟು ದುಂಡಗಾಗಿರುತ್ತವೆ. ಆಮೇಲೆ ಒಡೆದದ್ದಾದರೆ ಮೈ ಒರಟು, ಬಣ್ಣ ತಿಳಿ, ಅಂಚು ಚೂಪು. ಈ ಕಚ್ಚಿಗೆ ಒಂದು ಕತೆ ಚಾಲ್ತಿಯಲ್ಲಿದೆ: ಹಾಗಿಯ ಒಳ್ಳೆಯ ಮಾಲೆಲ್ಲ ಅಲ್ಲಿನ ಮೋರಿ ಎಂಬ ಮನೆತನದ ಪಾಳೆಯಗಾರರಿಗೇ ಮೀಸಲಾಗಿತ್ತು, ಬೇಕೆಂದೇ ಊನ ಮಾಡಿದ್ದನ್ನು ಮಾತ್ರ ಜನರಿಗೆ ಮಾರಬಹುದಿತ್ತು ಎಂದು. ಕೇಳಲು ಚೆಂದ. ಆದರೆ ಕತ್ತರಿಸಿದ ಬುಡದ ಬಟ್ಟಲುಗಳು ಹಾಗಿಗಿಂತ ಮೊದಲೇ ಕೊರಿಯಾದಲ್ಲಿದ್ದವು. ಹಾಗಿಯ ಕಸುಬೇ ಅಲ್ಲಿಂದ ಬಂದದ್ದು. 1592ರಿಂದ 1598ರವರೆಗೆ ಜಪಾನಿನ ಆಡಳಿತಗಾರ ಹಿಡೆಯೋಶಿ ಕೊರಿಯಾದ ಮೇಲೆ ನಡೆಸಿದ ದಾಳಿಯಲ್ಲಿ ಹಿಡಿದು ತಂದ ಕುಂಬಾರರಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು; 1600ರ ಸೆಕಿಗಾಹಾರಾ ಕಾಳಗದಲ್ಲಿ ಸೋತ ಪಕ್ಷದ ಮೋರಿ ತೆರುಮೊತೊ 1604ರಲ್ಲಿ ಹಾಗಿಗೆ ಬಂದು ಕೋಟೆ ಕಟ್ಟಿದಾಗ ಅವರೂ ಅಲ್ಲಿಗೆ ಬಂದರು. ತಮ್ಮನಿಗೆ ಮುಂದೆ ಸಾಕಾ ಕೋರಾಯ್‌ಜಾಯೆಮೊನ್ ಎಂಬ ಹೆಸರು ಸಿಕ್ಕಿತು. ಆ ಮನೆತನದ ಹೆಸರು ಹಾಗಿಯಲ್ಲಿ ಈಗಲೂ ನಡೆದುಬಂದಿದೆ. ಅವರ ಮುಂದಿದ್ದ ಮಾದರಿ ಕೊರಿಯಾದ ಬಟ್ಟಲುಗಳು, ಅದರಲ್ಲೂ ಇದೊ ಎಂಬ ಬಗೆ. ಕ್ಯೋತೋದ ದಾಯ್ತೊಕುಜಿಯ ಕೊಹೊ-ಆನ್ ಮಠದಲ್ಲಿರುವ ಕಿಜಾಯೆಮೊನ್ ಎಂಬ ಇದೊ ಬಟ್ಟಲು ಇವತ್ತು ಜಪಾನಿನ ರಾಷ್ಟ್ರೀಯ ನಿಧಿ. ಅದರ ಬುಡದ ಸುತ್ತ ಗ್ಲೇಜು ಮುದುಡಿ ಹನಿಹನಿಯಾಗಿ ನಿಂತಿದೆ. ಗುಣಮಟ್ಟ ತಪಾಸಣೆಯವರು ಕಂಡರೆ ತಿರಸ್ಕರಿಸುವಂಥದ್ದು, ಚಹಾದವರು ತಲೆಮೇಲೆ ಹೊತ್ತುಕೊಂಡದ್ದು. ನಿಮ್ಮ ಬಟ್ಟಲನ್ನೂ ಒಮ್ಮೆ ತಲೆಕೆಳಗು ಮಾಡಿ ಬುಡವನ್ನೇ ಸಾವಕಾಶವಾಗಿ ನೋಡಿ. ಬರಿಯ ಮಣ್ಣು ಕಾಣುವುದು ಅಲ್ಲೊಂದೇ ಕಡೆ; ಮರಳಿನ ಕಾಳು, ಬುಡ ಕೆತ್ತಿದ ಉಳಿಯ ಓಟ, ಗ್ಲೇಜಿನಲ್ಲಿ ಅದ್ದುವಾಗ ಹಿಡಿದ ಬೆರಳಿನ ಗುರುತು ಅಲ್ಲಿದ್ದರೂ ಇರಬಹುದು.

ಆ ಗೆರೆ ಬಿರುಕೇ?

ಈಗ ಮುಖ್ಯ ಪರೀಕ್ಷೆ. ಬಟ್ಟಲು ಒಣಗಿರಲಿ. ಒಳಗಿನಿಂದ ಟಾರ್ಚು ಓರೆಯಾಗಿ ಹಿಡಿದು ಗೆರೆಯನ್ನು ಹಿಂಬಾಲಿಸಿ. ಕನ್ನ್ಯೂ ಗೆರೆ ಇನ್ನೊಂದು ಗೆರೆಗೆ ಸೇರಿ ನಿಲ್ಲುತ್ತದೆ, ಸಣ್ಣ ಸಣ್ಣ ಕೋಣೆಗಳಾಗುತ್ತವೆ, ಒಳಗಿನ ಬಲೆಗೂ ಹೊರಗಿನ ಬಲೆಗೂ ಸಂಬಂಧವಿರುವುದಿಲ್ಲ. ಬಿರುಕು ಬಲೆಯ ಲೆಕ್ಕವಿಡದೆ ಅದನ್ನು ದಾಟಿಕೊಂಡು ಹೋಗುತ್ತದೆ, ಅಂಚಿನಿಂದ ಹೊರಡುತ್ತದೆ, ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುತ್ತದೆ. ಉಗುರು ಆಡಿಸಿದರೆ ಸಣ್ಣಗೆ ತಡೆಯುತ್ತದೆ.

ಎರಡನೆಯದು ದನಿ. ಬಟ್ಟಲನ್ನು ಮೂರು ಬೆರಳ ತುದಿಯ ಮೇಲೆ ಕೂರಿಸಿ ಇನ್ನೊಂದು ಕೈಯ ಬೆರಳಗಂಟಿನಿಂದ ಮೆಲ್ಲಗೆ ತಟ್ಟಿ. ಹಾಗಿ ಬಟ್ಟಲು ಪಿಂಗಾಣಿಯಂತೆ ನಾದ ಕೊಡುವುದಿಲ್ಲ, ಮಂದವಾಗಿ ‘ಡುಬ್’ ಎನ್ನುತ್ತದೆ, ಅದಕ್ಕೆ ಹೆದರಬೇಡಿ. ಬಿರುಕಿದ್ದರೆ ಆ ಮಂದ ದನಿಯೊಳಗೇ ಒಡಕು ಸೇರಿಕೊಂಡು ‘ಜರ್’ ಎನ್ನುತ್ತದೆ.

ಮೂರನೆಯದು ನೀರು. ತಣ್ಣೀರನ್ನು ಗೆರೆಯ ಕೆಳತುದಿ ಮುಳುಗುವಷ್ಟು ತುಂಬಿ, ಹೊರಗಡೆ ಆ ಜಾಗಕ್ಕೆ ಟಿಶ್ಯೂ ಕಾಗದ ಒತ್ತಿ ಹಿಡಿಯಿರಿ. ಬಿರುಕಾದರೆ ಐದು ನಿಮಿಷದೊಳಗೆ ಕಾಗದದ ಮೇಲೆ ಗೆರೆಯಾಗಿಯೇ ಒದ್ದೆ ಮೂಡುತ್ತದೆ. ಮೈ ಬೆವರುವುದಾದರೆ ತಡವಾಗಿ, ಅಗಲವಾಗಿ, ಬುಡದ ಕಡೆಯಿಂದ.

ಚೂರು ಹಾರಿದ ಕಡೆಯಿಂದಲೇ ಗೆರೆ ಹೊರಟಿದೆ ಎಂದಿದ್ದೀರಿ. ಅದರಿಂದ ನನ್ನ ಊಹೆ ಬಿರುಕಿನ ಕಡೆಗೇ. ಬಿರುಕಾಗಿದ್ದರೆ ಬಿಸಿನೀರು ಅದರ ಶತ್ರು: ಒಳಮೈ ತಟ್ಟನೆ ಹಿಗ್ಗಿ ಹೊರಮೈ ಇನ್ನೂ ತಣ್ಣಗಿರುವಾಗ ಎಳೆತವೆಲ್ಲ ಬಿರುಕಿನ ತುದಿಗೆ ಬಂದು ಕೂರುತ್ತದೆ. ಇವತ್ತು ಒಂದು ಸೆಂ.ಮೀ. ಇದ್ದದ್ದು ನಾಳೆ ಮೂರಾಗಬಹುದು.

ವಾಸನೆ ತೆಗೆಯುವುದು

ಅಕ್ಕಿ ತೊಳೆದ ನೀರಿನ ಉಪಾಯ ಸುಳ್ಳಲ್ಲ. ಜಪಾನಿನಲ್ಲಿ ಒಲೆಯ ಮೇಲಿಡುವ ಮಣ್ಣಿನ ಗಡಿಗೆಗಳಿಗೆ ಅನ್ನದ ಗಂಜಿ ಕುದಿಸಿ ಸಂದು ಮುಚ್ಚುವುದು ಮಾಮೂಲು. ಆ ಗಡಿಗೆ ದಿನವೂ ಒಲೆಗೇರಿ ಕುದಿಯುತ್ತದೆ, ಒಳಗಿನ ಪಿಷ್ಟ ಕೊಳೆಯಲು ಸಮಯವೇ ಸಿಗುವುದಿಲ್ಲ. ಚಹಾ ಬಟ್ಟಲು ಎಂದೂ ಒಲೆ ಕಾಣುವುದಿಲ್ಲ. ಸಂದುಗಳಲ್ಲಿ ಪಿಷ್ಟ, ಅದರ ಕೆಳಗೆ ಕಾಫಿಯಿಂದ ಬಂದ ಹಾಲಿನ ಕೊಬ್ಬು ಮತ್ತು ಪ್ರೋಟೀನು, ಮೈಯೆಲ್ಲ ತೇವ, ಮುಚ್ಚಿದ ಪೆಟ್ಟಿಗೆ, ಜುಲೈ ತಿಂಗಳ ಕರಾವಳಿ: ಬೂಷ್ಟಿಗೆ ಇನ್ನೇನು ಬೇಕು? ಹಾಲು ಹಾಕಿದ ಯಾವುದನ್ನೂ ಇನ್ನು ಮುಂದೆ ಇದಕ್ಕೆ ಹಾಕಬೇಡಿ. ಸಾರು, ಮಜ್ಜಿಗೆ, ಎಣ್ಣೆ ಪದಾರ್ಥಕ್ಕೂ ಇದೇ ಮಾತು.

ಬಿರುಕಿಲ್ಲ ಎಂದು ಖಾತ್ರಿಯಾದರೆ: ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಬಟ್ಟಲನ್ನಿಟ್ಟು, ಪೂರ್ತಿ ಮುಳುಗುವಷ್ಟು ತಣ್ಣೀರು ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ. ನೀರು ಮೆಲ್ಲಗೆ ಕುದಿಯುವ ಹದದಲ್ಲಿ 20 ನಿಮಿಷ ಇರಲಿ. ಒಲೆ ಆರಿಸಿ ಅದೇ ನೀರಿನಲ್ಲಿ ಪೂರ್ತಿ ತಣಿಯಲು ಬಿಡಿ, ಬಿಸಿಯಿರುವಾಗ ಹೊರತೆಗೆಯಬೇಡಿ. ನೀರು ಕಂದಾಗುತ್ತದೆ, ವಾಸನೆಯೂ ಬರುತ್ತದೆ. ನೀರು ಬದಲಿಸಿ ಮತ್ತೆ ಮಾಡಿ, ತಿಳಿ ನೀರು ಬರುವವರೆಗೆ. ಬೆಂಗಳೂರಿನ ಬೋರ್‌ವೆಲ್ ನೀರಿನಂಥ ಗಡಸು ನೀರಾದರೆ ಸೀಳುಗಳಲ್ಲಿ ಸುಣ್ಣ ಕೂರುತ್ತದೆ. ಅಂಥಲ್ಲಿರುವವರು ಫಿಲ್ಟರ್ ನೀರು ಬಳಸಲಿ.

ಬಿರುಕಿದ್ದರೆ ಕುದಿಸುವ ಹಾಗಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿ ದಿನಕ್ಕೆರಡು ಸಲ ನೀರು ಬದಲಿಸುತ್ತ ಮೂರು ದಿನ ಇಡಿ. ಆಗಲೂ ವಾಸನೆ ಹೋಗದಿದ್ದರೆ ಸೋಡಿಯಂ ಪರ್‌ಕಾರ್ಬೊನೇಟ್ ಎಂಬ ಆಕ್ಸಿಜನ್ ಬ್ಲೀಚು ಇದೆ. ಸುಗಂಧ, ಸೋಪು ಬೆರೆಸದ ಶುದ್ಧ ಪುಡಿಯೇ ಆಗಬೇಕು. ಒಂದು ಲೀಟರ್ 40 ಡಿಗ್ರಿಯ ನೀರಿಗೆ ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ. ಬಟ್ಟಲನ್ನು ಮೊದಲು ಬರಿಯ ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆಮೇಲೆ ಈ ದ್ರಾವಣದಲ್ಲಿ ಒಂದು ಗಂಟೆ. ಕೈಗವಸು ಹಾಕಿಕೊಳ್ಳಿ. ರಾತ್ರಿಯೆಲ್ಲ ಬಿಡುವುದು ಬೇಡ. ಬಳಿಕ ಶುದ್ಧ ನೀರಿನಲ್ಲಿಟ್ಟು ದಿನವಿಡೀ ನಾಲ್ಕೈದು ಸಲ ನೀರು ಬದಲಿಸಿ. ಒಳಗೆ ಉಳಿದ ಸೋಡಾ ಒಣಗಿದ ಮೇಲೆ ಬಿಳಿ ಪುಡಿಯಾಗಿ ಬುಡದಲ್ಲಿ ಹೊರಬರುತ್ತದೆ. ಇದಕ್ಕೊಂದು ಬೆಲೆಯಿದೆ: ಬೂಷ್ಟಿನ ಜೊತೆಗೆ ಚಹಾ ಕೊಟ್ಟ ಕಂದು ಬಣ್ಣವೂ ಒಂದಿಷ್ಟು ಮಾಸುತ್ತದೆ. ಕಪ್ಪು ಚುಕ್ಕೆಗಳ ನೆರಳು ಮಣ್ಣಿನ ಆಳದಲ್ಲಿ ಉಳಿದರೆ ಅದನ್ನು ಬೆನ್ನಟ್ಟಿ ಹೋಗಬೇಡಿ. ವಾಸನೆ ಹೋಗಿ, ಪೂರ್ತಿ ಒಣಗಿದ ಮೇಲೆ ಹೊಸ ಚುಕ್ಕೆ ಏಳದಿದ್ದರೆ ಸಾಕು.

ಪಾಯಿಖಾನೆ ತೊಳೆಯುವ, ಬಿಳಿಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚು ಖಂಡಿತ ಬೇಡ. ಅದು ಬೂಷ್ಟನ್ನು ಒಂದೇ ದಿನದಲ್ಲಿ ಬಿಳಿ ಮಾಡುತ್ತದೆ ನಿಜ. ಆದರೆ ಅದರ ಲವಣ ಸಂದುಗಳಲ್ಲಿ ಉಳಿದು, ಒಣಗುವಾಗ ಹರಳುಗಟ್ಟಿ, ಗ್ಲೇಜನ್ನು ಒಳಗಿನಿಂದ ತಳ್ಳಿ ಹಕ್ಕಳೆ ಏಳಿಸಬಹುದು. ವಿನೆಗರ್, ನಿಂಬೆರಸವೂ ಬೇಡ. ಹಾಗಿಯ ಗ್ಲೇಜಿನಲ್ಲಿ ಮರದ ಬೂದಿಯ ಸುಣ್ಣದಂಶ ಇರುತ್ತದೆ, ಹುಳಿಗೆ ಮೈ ಮಂಕಾಗುತ್ತದೆ.

ಒಣಗಿಸುವುದೇ ನಿಜವಾದ ಕೆಲಸ

ಸೋರುವ ಬಟ್ಟಲಿನ ಜೊತೆ ಬದುಕಲು ಒಂದು ಅಡುಗೆಮನೆಯ ತಕ್ಕಡಿ ಬೇಕು. ಮುಟ್ಟಿ ನೋಡಿದರೆ ಹಾಗಿ ಬಟ್ಟಲು ಒಂದೇ ದಿನದಲ್ಲಿ ಒಣಗಿದಂತೆ ಕಾಣುತ್ತದೆ. ಒಳಗೆ ಇನ್ನೂ ನೀರಿರುತ್ತದೆ. ಬೇಸಿಗೆಯಲ್ಲಿ, ಹದಿನೈದು ದಿನ ಬಳಸದೆ ಇಟ್ಟಾಗ ಬಟ್ಟಲನ್ನು ತೂಗಿ ಆ ಅಂಕಿಯನ್ನು ಪೆಟ್ಟಿಗೆಯೊಳಗೆ ಬರೆದಿಡಿ. ಉದಾಹರಣೆಗೆ 350 ಗ್ರಾಂ ಎಂದಿಟ್ಟುಕೊಳ್ಳಿ. ನೆನೆಸಿದ ಮೇಲೆ ಅದು 380 ಆದರೆ 30 ಗ್ರಾಂ ನೀರು ಒಳಗಿದೆ. ಮತ್ತೆ 351ಕ್ಕೆ ಇಳಿಯುವವರೆಗೆ ಪೆಟ್ಟಿಗೆಗೆ ಹೋಗಬಾರದು. ಅಂದಾಜಿನ ಮೇಲೆ ಹೋಗುವವರಿಗೇ ಬೂಷ್ಟು ಬರುವುದು.

ಬಟ್ಟಲನ್ನು ಬೋರಲು ಹಾಕಿ ಮೇಜಿನ ಮೇಲಿಟ್ಟರೆ ಒಳಗಿನ ಗಾಳಿ ಅಲ್ಲೇ ನಿಲ್ಲುತ್ತದೆ. ಎರಡು ಮರದ ಪಟ್ಟಿಗಳ ಮೇಲೆ ಓರೆಯಾಗಿ, ಬುಡ ಬಯಲಿಗೆ ಬರುವಂತೆ ಇಟ್ಟು ಫ್ಯಾನ್ ಹಾಕಿ. ಮಂಗಳೂರಿನ ಬೇಸಿಗೆಯಲ್ಲಿ ಮೂರು ನಾಲ್ಕು ದಿನದಲ್ಲಿ ಕೆಲಸ ಮುಗಿಯುತ್ತದೆ. ಮಳೆಗಾಲದಲ್ಲಿ ಗಾಳಿಯೇ ನೀರಿನಿಂದ ತುಂಬಿರುವಾಗ ಫ್ಯಾನಿನಿಂದ ಒಂದು ಹಂತದವರೆಗೆ ಮಾತ್ರ ಇಳಿಯುತ್ತದೆ, ಆಮೇಲೆ ತಕ್ಕಡಿಯ ಅಂಕಿ ಅಲ್ಲಾಡುವುದಿಲ್ಲ. ಆಗ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಸಿಲಿಕಾ ಜೆಲ್ ತನ್ನ ತೂಕದ ಐದನೇ ಒಂದು ಭಾಗದಷ್ಟು ನೀರನ್ನು ಸುಲಭವಾಗಿ ಹೀರುತ್ತದೆ. 15 ಗ್ರಾಂ ನೀರು ಉಳಿದಿದ್ದರೆ 100 ಗ್ರಾಂ ಜೆಲ್ ಸಾಕಾಗುತ್ತದೆ, 200 ಹಾಕಿದರೆ ಬೇಗ ಆಗುತ್ತದೆ. ಬೂಟಿನ ಪೆಟ್ಟಿಗೆಯಲ್ಲಿ ಬರುವ ಪುಟ್ಟ ಪೊಟ್ಟಣಗಳಿಂದ ಏನೂ ಆಗದು. ಬೆಳಗಿನ ಎಳೆಬಿಸಿಲು ಒಳ್ಳೆಯದು. ಮೈಕ್ರೋವೇವ್ ಬೇಡವೇ ಬೇಡ. ಒಳಗಿನ ನೀರು ಒಮ್ಮೆಲೇ ಆವಿಯಾಗಿ ಒಡೆಯುತ್ತದೆ.

ಮಳೆಗಾಲದಲ್ಲಿ ಈ ಬಟ್ಟಲನ್ನು ಬಳಸದೇ ಇದ್ದರೂ ನಡೆಯುತ್ತದೆ. ಜೂನ್ ಮೊದಲ ವಾರ ಒಣಗಿಸಿ ಜೆಲ್ ಡಬ್ಬದಲ್ಲಿಟ್ಟು ಅಕ್ಟೋಬರ್‌ನಲ್ಲಿ ತೆಗೆದರೆ ಅರ್ಧ ತೊಂದರೆ ತಪ್ಪಿತು. ಮರದ ಪೆಟ್ಟಿಗೆಯನ್ನು ಬೇರೆಯೇ ಇಡಿ, ಆದರೆ ಎಸೆಯಬೇಡಿ. ಮುಚ್ಚಳದ ಬರಹವೇ ಬಟ್ಟಲಿನ ಗುರುತುಚೀಟಿ, ಅದಿಲ್ಲದಿದ್ದರೆ ಬೆಲೆ ಇಳಿಯುತ್ತದೆ. ಹಳದಿ ಬಟ್ಟೆ ಸುತ್ತಿ ಕೊಟ್ಟಿದ್ದರೆ ಅದು ಅರಿಶಿನದ ಬಣ್ಣದ್ದು. ಹುಳ ಬಾರದಿರಲಿ ಎಂದು ಅಲ್ಲಿಯೂ ಹಿಂದಿನಿಂದ ಅರಿಶಿನವನ್ನೇ ಬಳಸುತ್ತಿದ್ದರು, ಈಗ ಹೆಚ್ಚಾಗಿ ರಾಸಾಯನಿಕ ಬಣ್ಣ. ಬಟ್ಟಲು ಒದ್ದೆಯಿದ್ದರೆ ಆ ಹಳದಿ ಮಣ್ಣಿಗೆ ಹತ್ತಿಕೊಳ್ಳುತ್ತದೆ.

ಬಳಸುವ ದಿನ ಮೊದಲು ಶುದ್ಧ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಆಮೇಲೆ ಬೆಚ್ಚಗಿನ ನೀರು ಹಾಕಿ ಮೈ ಕಾಯಿಸಿ. ಸಂದುಗಳಲ್ಲಿ ಮೊದಲೇ ಒಳ್ಳೆಯ ನೀರು ಕೂತರೆ ಚಹಾಕ್ಕೆ ಒಳಗಿಳಿಯಲು ಜಾಗ ಕಡಿಮೆ. ತೆಳು ಚಹಾಕ್ಕೆ 2 ಗ್ರಾಂ ಪುಡಿ, 70 ಮಿ.ಲೀ. ನೀರು, ಅಷ್ಟೇ ಹಾಕಿದರೆ ಚಹಾ ಬಟ್ಟಲಿನ ಕೆಳಭಾಗದಲ್ಲೇ ಇರುತ್ತದೆ. ಕುಡಿದ ಕೂಡಲೇ ಬಿಸಿನೀರಿನಲ್ಲಿ ಬೆರಳಿನಿಂದ ತೊಳೆಯಿರಿ. ಪಾತ್ರೆ ತೊಳೆಯುವ ಸೋಪು ಒಳಗೆ ಸೇರಿದರೆ ಮುಂದಿನ ಚಹಾದಲ್ಲಿ ನೊರೆಯೊಂದಿಗೆ ಅದೂ ಬರುತ್ತದೆ. ಸೋರುವುದನ್ನು ಶಾಶ್ವತವಾಗಿ ನಿಲ್ಲಿಸುವ ಸಿಲಿಕೋನ್ ದ್ರಾವಣಗಳೂ ಮಾರುಕಟ್ಟೆಯಲ್ಲಿವೆ. ಹೂದಾನಿಗೆ ಸರಿ. ಚಹಾ ಬಟ್ಟಲಿಗೆ ಹಾಕಿದರೆ ತೆಗೆಯಲಾಗದು, ಬಣ್ಣ ತಿರುಗುವುದೂ ನಿಲ್ಲುತ್ತದೆ; ಆಮೇಲೆ ಹಾಗಿ ಯಾಕೆ ಬೇಕಿತ್ತು?

ಸೀಸದ ಭಯವಿದ್ದರೆ: ಹಾಗಿಯ ಗ್ಲೇಜು ಫೆಲ್ಡ್‌ಸ್ಪಾರ್ ಮತ್ತು ಬೂದಿಯದು, ಈ ಶಾಖದಲ್ಲಿ ಕರಗಲು ಸೀಸ ಬೇಕಿಲ್ಲ. ಎಚ್ಚರ ಬೇಕಾದದ್ದು ಕಡಿಮೆ ಶಾಖದಲ್ಲಿ ಸುಟ್ಟ ಹಳೆಯ ಕೆಂಪು ರಾಕುವಿಗೆ. ನಮ್ಮಲ್ಲಿ ಪ್ರದರ್ಶನಗಳಲ್ಲಿ ‘ರಾಕು’ ಎಂದು ಮಾರುವ, ಹೊಗೆ ಹಿಡಿಸಿ ತಾಮ್ರದ ಹೊಳಪು ತಂದ ಬಟ್ಟಲುಗಳಂತೂ ಬೇರೆಯೇ. ಅದು 1960ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದ ಪದ್ಧತಿ, ಕ್ಯೋತೋದ ರಾಕು ಮನೆತನದ್ದಲ್ಲ. ಅಲಂಕಾರಕ್ಕೆ ಇಡಿ, ಕುಡಿಯಬೇಡಿ.

ಕಿಟ್ಟಿನ ವಿಷಯ

ಅಗ್ಗದ ಕಿನ್‌ತ್ಸುಗಿ ಕಿಟ್‌ಗಳಲ್ಲಿರುವುದು ಸಾಮಾನ್ಯವಾಗಿ ಎಪಾಕ್ಸಿ ಅಂಟು ಮತ್ತು ಹಿತ್ತಾಳೆಯ ಪುಡಿ. ಕೋಣೆಯ ಶಾಖದಲ್ಲಿ ಗಟ್ಟಿಯಾಗುವ ಎಪಾಕ್ಸಿ 50-60 ಡಿಗ್ರಿಗೆ ಮೆತ್ತಗಾಗತೊಡಗುತ್ತದೆ; ನಿಮ್ಮ ಚಹಾ ಅದಕ್ಕಿಂತ ಬಿಸಿ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಚೂರು ಹಾರಿರುವುದು ತುಟಿ ತಾಗುವ ಅಂಚಿನಲ್ಲಿ. ಶೋಕೇಸಿನಲ್ಲಿಡುವ ವಸ್ತುವಿಗೆ ಅಡ್ಡಿಯಿಲ್ಲ, ಕುಡಿಯುವ ಬಟ್ಟಲಿಗೆ ಬೇಡ. ಇನ್ನೊಂದು ತೊಂದರೆ: ಸಂದುಗಳಿರುವ ಮಣ್ಣಿಗೆ ಇಳಿದ ಎಪಾಕ್ಸಿಯನ್ನು ಮುಂದೆ ಯಾರೂ ಪೂರ್ತಿ ತೆಗೆಯಲಾರರು, ಅಲ್ಲಿ ಸರಿಯಾದ ರಿಪೇರಿಯೂ ಕೂರುವುದಿಲ್ಲ.

ನಿಜವಾದ ಕಿನ್‌ತ್ಸುಗಿಯಲ್ಲಿ ಅಂಟು ಎಂದರೆ ಉರುಶಿ, ಒಂದು ಮರದ ಹಾಲು. ಆ ಮರ ಗೇರು, ಮಾವಿನ ಕುಟುಂಬದ್ದೇ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಲಿದದ್ದು, ಮಾವಿನ ಸೊನೆಗೆ ತುಟಿ ಬೊಕ್ಕೆಯೆದ್ದದ್ದು ಕರಾವಳಿಯವರಿಗೆ ಗೊತ್ತೇ ಇದೆ; ಹಸಿ ಉರುಶಿಯೂ ಅದೇ ಜಾತಿಯ ಪದಾರ್ಥದಿಂದ ಚರ್ಮಕ್ಕೆ ತುರಿ ತರುತ್ತದೆ. ಆ ಎರಡರಲ್ಲಿ ಒಂದು ನಿಮಗೆ ಆಗಿಬರದಿದ್ದರೆ ಉರುಶಿಯನ್ನು ನೀವೇ ಮುಟ್ಟಬೇಡಿ. ಪೂರ್ತಿ ಗಟ್ಟಿಯಾದ ಮೇಲೆ ಅದು ನಿರಪಾಯ, ಜಪಾನಿನಲ್ಲಿ ಊಟದ ಬಟ್ಟಲುಗಳಿಗೇ ಬಳಿಯುತ್ತಾರೆ.

ಉರುಶಿ ಒಣಗುವುದು ಬಿಸಿಲಿನಿಂದಲ್ಲ, ತೇವದಿಂದ. ಅದರಲ್ಲಿರುವ ಕಿಣ್ವ ಕೆಲಸ ಮಾಡಲು 20ರಿಂದ 30 ಡಿಗ್ರಿ ಶಾಖ, 70ರಿಂದ 85 ಪ್ರತಿಶತ ಆರ್ದ್ರತೆ ಬೇಕು. ಜಪಾನಿನಲ್ಲಿ ಇದಕ್ಕಾಗಿ ಒದ್ದೆ ಬಟ್ಟೆ ಹಾಕಿದ ಮರದ ಬೀರುವನ್ನೇ ಮಾಡಿಕೊಳ್ಳುತ್ತಾರೆ. ನಿಮಗೆ ಆ ಹವೆ ಪುಕ್ಕಟೆ. ಆದರೆ ಗಾಳಿ ತೇವವಿದ್ದರೂ ಬಟ್ಟಲು ಒಣಗಿರಬೇಕು, ಆದ್ದರಿಂದ ತಕ್ಕಡಿಯ ಅಂಕಿ ಕೆಳಗಿಳಿದ ಮೇಲೆಯೇ ಕೆಲಸ ಶುರು.

ಭತ್ತದ ಕಾಳಿನಷ್ಟು ಚೂರಿಗೆ ಅಂಟಿಸಲು ಏನೂ ಇಲ್ಲ, ತುಂಬಬೇಕು. ಸಾಣೆಯ ನುಣುಪು ಮಣ್ಣಿನ ಪುಡಿಯನ್ನು ನೀರಿನಲ್ಲಿ ಕಲಸಿ, ಅದಕ್ಕೆ ಉರುಶಿ ಸೇರಿಸಿದ ಮುದ್ದೆಯನ್ನು ಒಂದು ಮಿ.ಮೀ. ಮೀರದ ಪದರವಾಗಿ ಹಚ್ಚುತ್ತಾರೆ. ದಪ್ಪ ಹಚ್ಚಿದರೆ ಮೇಲೆ ತೊಗಲು ಕಟ್ಟಿ ಒಳಗೆ ತಿಂಗಳುಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ಒಂದು ಪದರ ಒಣಗಲು ಒಂದೆರಡು ದಿನ, ಮೂರು ನಾಲ್ಕು ಪದರ, ನಡುವೆ ನೀರಿನ ಸ್ಯಾಂಡ್ ಪೇಪರಿನಿಂದ ಉಜ್ಜುವುದು, ಮೇಲೆ ಕಪ್ಪು ಇಲ್ಲವೇ ಕೆಂಪು ಉರುಶಿ, ಅದು ಅಂಟಂಟಾಗಿರುವಾಗ ಚಿನ್ನದ ಪುಡಿ, ಮತ್ತೆ ತೆಳು ಉರುಶಿ, ಕೊನೆಗೆ ಮೆರುಗು. ಬಿರುಕಿಗಾದರೆ ಬಟ್ಟಲನ್ನು ಹೇರ್ ಡ್ರೈಯರಿನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಟರ್ಪಂಟೈನ್ ಬೆರೆಸಿ ತೆಳುವಾಗಿಸಿದ ಉರುಶಿಯನ್ನು ಗೆರೆಯ ಮೇಲೆ ಹರಿಸುತ್ತಾರೆ. ಅದು ತಾನಾಗಿ ಒಳಗೆ ಇಳಿಯುತ್ತದೆ, ಮೇಲೆ ಉಳಿದದ್ದನ್ನು ಕೂಡಲೇ ಒರೆಸಬೇಕು. ಎಲ್ಲ ಸೇರಿ ಒಂದೂವರೆ ತಿಂಗಳು ಹಿಡಿಯುತ್ತದೆ. ಬಿಸಿ ಚಹಾ ಹಾಕುವ ಮೊದಲು ಇನ್ನೊಂದು ತಿಂಗಳು ಕಾಯುವುದು ಲೇಸು.

ಹಾಗಿ ಬಟ್ಟಲಿನಲ್ಲಿ ಎಡವುವುದು ಒಂದೇ ಜಾಗದಲ್ಲಿ. ಉರುಶಿ ಬಿರುಕಿನಿಂದ ಪಕ್ಕದ ಕನ್ನ್ಯೂ ಸೀಳುಗಳಿಗೂ ಬರಿಯ ಮಣ್ಣಿಗೂ ಹರಿದು, ಚಿನ್ನದ ಗೆರೆಯ ಎರಡೂ ಕಡೆ ಕಾಫಿ ಬಣ್ಣದ ನೆರಳು ಬಿಡುತ್ತದೆ. ಆ ಕಲೆ ಎಂದೂ ಹೋಗುವುದಿಲ್ಲ. ಅನುಭವಸ್ಥರು ಮೊದಲೇ ಸುತ್ತಲಿನ ಗ್ಲೇಜಿಗೆ ತಡೆ ಬಳಿದುಕೊಂಡು, ಕಡ್ಡಿಯ ತುದಿಯಷ್ಟೇ ಉರುಶಿ ಹಾಕುತ್ತಾರೆ. ಅದಕ್ಕೇ ಹೇಳುವುದು, ಕಲಿಯುವ ಆಸೆಯಿದ್ದರೆ ಮೊದಲು ಸಾದಾ ಸ್ಟೋನ್‌ವೇರ್ (ಬಿಗಿಯಾಗಿ ಸುಟ್ಟ ಗಟ್ಟಿ ಮಣ್ಣಿನ) ಕಪ್ಪಿನ ಮೇಲೆ ಕೈ ಪಳಗಿಸಿ. ಈ ಬಟ್ಟಲನ್ನು ಉರುಶಿ ಕೆಲಸ ಬಲ್ಲವರಿಗೇ ಕೊಡಿ, ಕೊಡುವಾಗ ಹಾಲು, ಅಕ್ಕಿನೀರು, ಪರ್‌ಕಾರ್ಬೊನೇಟ್ ಎಲ್ಲದರ ಚರಿತ್ರೆಯನ್ನೂ ಹೇಳಿ. ಒಮ್ಮೆ ಉರುಶಿ, ಚಿನ್ನ ಬಿದ್ದ ಮೇಲೆ ಬ್ಲೀಚು, ಕುದಿಸುವುದು, ಬಿಸಿ ಓವನ್ ಯಾವುದೂ ನಡೆಯದು. ಅದಕ್ಕೇ ಶುಚಿ ಮೊದಲು ಎಂದದ್ದು.

ಪರೀಕ್ಷೆಯಲ್ಲಿ ಬಿರುಕಿಲ್ಲ, ಬರೀ ಚೂರು ಎಂದು ತಿಳಿದರೆ ಏನೂ ಮಾಡದೆ ಬಿಡುವುದೂ ಒಂದು ದಾರಿ. ಹಾರಿದ ಜಾಗದ ಚೂಪನ್ನು 600ನೇ ನಂಬರಿನ ಸ್ಯಾಂಡ್ ಪೇಪರಿನಿಂದ ನೀರು ಹಚ್ಚಿ ನಾಲ್ಕು ಸಲ ಎಳೆದು ತುಟಿಗೆ ತಾಗದಂತೆ ಮಾಡಿ, ಬಟ್ಟಲನ್ನು ಆ ಕಡೆಯಿಂದ ತಿರುಗಿಸಿಕೊಂಡು ಕುಡಿಯಿರಿ. ಆ ಜಾಗ ಸ್ವಲ್ಪ ಬೇಗ ಕಂದಾಗುತ್ತದೆ, ಅಷ್ಟೇ. ತಂಗಿ ಕೊಟ್ಟ ಕಿಟ್ಟನ್ನು ಒಡೆದ ಹೂಕುಂಡಕ್ಕೆ ಬಳಸಿ. ಅಲ್ಲಿ ಎಪಾಕ್ಸಿ ಚೆನ್ನಾಗಿಯೇ ಹಿಡಿಯುತ್ತದೆ.